ಹಳೇ ಜಮೀನು ಕಾಗದದಲ್ಲಿ ಸಿಕ್ಕಿದ ಮುತ್ತಜ್ಜಿ: ಕೆ.ಜಿ. ರಸ್ತೆ ಹತ್ತಿರದ ಒಂದು ಪುಟ್ಟ ಆಫೀಸಿನ ಬಗ್ಗೆ

ಹೋದ ವರ್ಷ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಿದ್ದೆವು. ಅಪ್ಪ ಒಬ್ಬೊಬ್ಬರ ಹೆಸರು ಹೇಳುತ್ತಾ ಬಂದರು. ತಾತನ ಹೆಸರು, ಮುತ್ತಾತನ ಹೆಸರು. ನನ್ನ ಮಗಳು ಕೇಳಿದಳು: "ಮುತ್ತಜ್ಜಿ ಹೆಸರೇನು?" ಅಪ್ಪ ನನ್ನ ಸೋದರತ್ತೆಯ ಮುಖ ನೋಡಿದರು. ಅತ್ತೆಗೆ ಈಗ 81. ಅವರೂ ಸ್ವಲ್ಪ ಹೊತ್ತು ಯೋಚಿಸಿ, "ನಾವೆಲ್ಲ ಬಾವಿಮನೆ ಅಜ್ಜಿ ಅಂತಿದ್ವಿ" ಎಂದರು. ಅಷ್ಟೇ. ಆ ಅಜ್ಜಿ ಹೋದಾಗ ಅತ್ತೆಗೆ ಏಳೋ ಎಂಟೋ ವಯಸ್ಸು. ಹೆಸರು ಹಿಡಿದು ಕರೆಯುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ನನಗೆ ಅದು ತುಂಬ ನೋವಾಯಿತು. ಅವಳ ಹೊಲ ಮಾರಿದ ದುಡ್ಡಲ್ಲಿ ನಮ್ಮ ಮನೆ ಕಟ್ಟಿದ್ದಾರೆ. ನಾನು ಓದಿದ್ದೂ ಅದರಿಂದಲೇ. ಹೆಸರು ಗೊತ್ತಿಲ್ಲ ಅಂದರೆ ಹೇಗೆ?

ಅಲ್ಲಿಂದ ಶುರುವಾದ ಹುಡುಕಾಟ ಹನ್ನೊಂದು ತಿಂಗಳು ನಡೆಯಿತು. ಈ ಬರಹ ಆ ಹುಡುಕಾಟದಲ್ಲಿ ನನಗೆ ನಿಜವಾಗಿ ನೆರವಾದ ಒಂದು ಪುಟ್ಟ ಆಫೀಸಿನ ಬಗ್ಗೆ. ಅಲ್ಲಿರುವುದು ಇಬ್ಬರು. ಸರ್ವೆ ಕೆಲಸದಿಂದ ನಿವೃತ್ತರಾದ ಒಬ್ಬ ಹಿರಿಯರು, ಅವರ ಮಗಳು. ಕೆ.ಜಿ. ರಸ್ತೆಯ ಕಂದಾಯ ಭವನದಿಂದ ನಡೆದು ಹೋಗುವಷ್ಟು ಹತ್ತಿರ, ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿ. ಬೋರ್ಡ್ ಇಲ್ಲ. ಹೆಸರು ಬರೆಯಲೇ ಎಂದು ಕೇಳಿದೆ. ಬೇಡಮ್ಮ, ಕಣ್ಣು ಮೊದಲಿನ ಹಾಗಿಲ್ಲ, ಜನ ಜಾಸ್ತಿ ಬಂದರೆ ಕೆಲಸ ಕೆಡುತ್ತದೆ ಎಂದರು. ಹಾಗಾಗಿ ಹೆಸರು ಬರೆಯುತ್ತಿಲ್ಲ. ನಮ್ಮ ಊರಿನ ಹೆಸರು, ಸರ್ವೆ ನಂಬರ್ ಕೂಡ ಬರೆಯುತ್ತಿಲ್ಲ. ಜಮೀನಿನ ವಿಷಯ, ದಾಯಾದಿಗಳಿದ್ದಾರೆ. ಯಲಹಂಕ ಹೋಬಳಿಯ ಒಂದು ಹಳ್ಳಿ ಎಂದಷ್ಟೇ ತಿಳಿಯಿರಿ. ಇಂಥ ಕೆಲಸ ಬಲ್ಲವರು ಬೇರೆ ಕಡೆಯೂ ಇರುತ್ತಾರೆ. ಅವರನ್ನು ಹೇಗೆ ಗುರುತಿಸುವುದು ಎನ್ನುವುದನ್ನೂ ಹೇಳುತ್ತೇನೆ.

ಮೊದಲು ನಾನು ಮಾಡಿದ ತಪ್ಪು. ವಂಶದ ಮಾಹಿತಿ ಹುಡುಕಿಕೊಡುವ ಒಂದು ವಿದೇಶಿ ಜಾಲತಾಣಕ್ಕೆ ಆರು ತಿಂಗಳ ಚಂದಾ ಕಟ್ಟಿದೆ. ತಾತನ ಹೆಸರು ಹಾಕಿದೆ, ಊರು ಹಾಕಿದೆ. ಬಂದಿದ್ದೆಲ್ಲ ಯಾರು ಯಾರೋ. ಫಿಜಿಗೆ ಹಡಗು ಹತ್ತಿದ ಕೂಲಿಗಳ ಪಟ್ಟಿಯಲ್ಲಿ ತಾತನ ಹೆಸರಿನವರೇ ಒಬ್ಬರು ಸಿಕ್ಕಿದರು, ವಯಸ್ಸು ನೋಡಿದರೆ ತಾತ ಹುಟ್ಟುವುದಕ್ಕೆ ಎಷ್ಟೋ ಮೊದಲಿನವರು. ದುಡ್ಡು ವಾಪಸ್ ಕೇಳಿದೆ, ಕೊಡಲಿಲ್ಲ. ಆಮೇಲೆ ಅರ್ಥವಾಯಿತು. ಇಂಡಿಯಾದ ಬಗ್ಗೆ ಇಂಥ ಕಡೆ ಇರುವುದು ಹೆಚ್ಚಾಗಿ ಚರ್ಚಿನ ಪುಸ್ತಕಗಳು, ಅಂದರೆ ದೀಕ್ಷಾಸ್ನಾನ, ಮದುವೆ, ಸಮಾಧಿಯ ದಾಖಲೆಗಳು. ಜೊತೆಗೆ ಹಡಗಿನ ಪಟ್ಟಿಗಳು, ಸೈನ್ಯದ ಪಟ್ಟಿಗಳು. ನಿಮ್ಮ ಹಿರಿಯರು ದಂಡು ಪ್ರದೇಶದ ಕ್ರೈಸ್ತ ಮನೆತನದವರಾಗಿದ್ದರೆ ಅಲ್ಲಿ ಖಂಡಿತ ಹುಡುಕಿ. ಯಲಹಂಕದ ರಾಗಿ ಹೊಲದ ಹೆಂಗಸು ಅಲ್ಲಿ ಯಾಕೆ ಇರುತ್ತಾಳೆ?

ನಾಡಕಚೇರಿಯ ವಂಶವೃಕ್ಷವೂ ಈ ಕೆಲಸಕ್ಕೆ ಬರುವುದಿಲ್ಲ. ಅದರಲ್ಲಿ ಇರುವುದು ನಾವೇ ಬರೆದುಕೊಟ್ಟಿದ್ದು. ನಮಗೆ ಗೊತ್ತಿಲ್ಲದ ಹೆಸರು ಅಲ್ಲಿ ಹೇಗೆ ಸಿಗುತ್ತದೆ?

ದಾರಿ ತೋರಿಸಿದ್ದು ನಮ್ಮ ಆಫೀಸಿನ ಒಬ್ಬರು ಗೆಳತಿ. ಅವರ ಮನೆಯ ಜಮೀನಿನ ತಕರಾರಿಗೆ ಈ ಹಿರಿಯರು ಹಳೇ ಕಾಗದ ಓದಿಕೊಟ್ಟಿದ್ದರು. ಒಂದು ಶನಿವಾರ ಬೆಳಿಗ್ಗೆ ಹೋದೆ. ನನ್ನ ಹತ್ತಿರ ಇದ್ದದ್ದು ಮೂರು ವಸ್ತು. ತಾತನ ಟ್ರಂಕಿನಲ್ಲಿದ್ದ ಕಂದಾಯ ರಸೀದಿಗಳು, 1994ರಲ್ಲಿ ಜಮೀನು ಮಾರಿದಾಗಿನ ಕ್ರಯಪತ್ರದ ಜೆರಾಕ್ಸ್, ಮತ್ತೆ ಮೂಲೆ ಹರಿದ ಒಂದು ಕೈಬರಹದ ಕಾಗದ. ಆ ಕಾಗದ ಮನೆಯಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ.

ಹಿರಿಯರು ಮೊದಲು ಕೇಳಿದ ಪ್ರಶ್ನೆ ನನಗೆ ಇಷ್ಟವಾಯಿತು. "ಏನು ತಕರಾರು?" ತಕರಾರು ಇಲ್ಲ ಸರ್, ಅಜ್ಜಿ ಹೆಸರು ಬೇಕು ಎಂದೆ. ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಮಗಳನ್ನು ಕರೆದು, "ಇವರಿಗೆ ಕಾಫಿ ತರಿಸಮ್ಮ" ಎಂದರು.

ಅವತ್ತು ಎರಡೂವರೆ ಗಂಟೆ ಕೂರಿಸಿಕೊಂಡು ಪಾಠದ ಹಾಗೆ ಹೇಳಿಕೊಟ್ಟರು. ಅವರ ಮಾತಿನ ತಿರುಳು ಇಷ್ಟು. ಮನುಷ್ಯರ ಹೆಸರು ಹಿಡಿದು ಹುಡುಕಬೇಡಿ, ಸರ್ವೆ ನಂಬರ್ ಹಿಡಿದು ಹುಡುಕಿ. ಹೆಸರನ್ನು ಒಬ್ಬೊಬ್ಬ ಗುಮಾಸ್ತ ಒಂದೊಂದು ಥರ ಬರೆದಿರುತ್ತಾನೆ. ತಾಲ್ಲೂಕಿನ ಹೆಸರೂ ಬದಲಾಗುತ್ತದೆ. ನಮ್ಮ ಹಳೇ ಕಾಗದದಲ್ಲಿ ಬೆಂಗಳೂರು ತಾಲ್ಲೂಕು, ಆಮೇಲಿನದರಲ್ಲಿ ಬೆಂಗಳೂರು ಉತ್ತರ, ಈಗ ಯಲಹಂಕವೇ ತಾಲ್ಲೂಕು. ಸರ್ವೆ ನಂಬರ್ ಹಿಸ್ಸೆಯಾಗಿ, ಅಂದರೆ ಪಾಲಾಗಿ, ಒಡೆಯುತ್ತದೆ, ಆದರೆ ಮೂಲ ನಂಬರ್ ಅಲ್ಲೇ ಇರುತ್ತದೆ.

ಹಾಗಾಗಿ ಹಿಂದಕ್ಕೆ ನಡೆಯಬೇಕು. ಸರ್ಕಾರದ ಭೂಮಿ ಜಾಲತಾಣದಲ್ಲಿ ಈಗಿನ ಪಹಣಿ, ಅಂದರೆ ಜಮೀನಿನ ಹಕ್ಕು ಮತ್ತು ಬೆಳೆಯ ವಿವರ ಇರುವ ಪತ್ರ, ತೆಗೆಯಿರಿ. ಅದರ 9ನೇ ಕಾಲಂನಲ್ಲಿ ಯಾರ ಹೆಸರಿದೆ, 10ನೇ ಕಾಲಂನಲ್ಲಿ ಅವರಿಗೆ ಹೇಗೆ ಬಂತು ಎಂದಿರುತ್ತದೆ. ಅಲ್ಲಿರುವ ಎಂ.ಆರ್. ನಂಬರ್ ಬರೆದುಕೊಳ್ಳಿ. ಅದು ಮ್ಯುಟೇಶನ್ ನಂಬರ್, ಅಂದರೆ ಖಾತೆ ಬದಲಾದ ದಾಖಲೆ. ಆ ನಂಬರ್ ಹಿಡಿದು ಹಿಂದಿನ ಹೆಸರಿಗೆ ಹೋಗಿ. ಅಲ್ಲಿಂದ ಕೈಬರಹದ ಪಹಣಿ, ಅದರ ಹಿಂದೆ ಐ.ಎಲ್. ಮತ್ತು ಆರ್.ಆರ್., ಅಂದರೆ ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಜಮೀನುಗಳ ಸೂಚಿ) ಮತ್ತು ರೆಕಾರ್ಡ್ ಆಫ್ ರೈಟ್ಸ್ (ಹಕ್ಕುಗಳ ದಾಖಲೆ). ನಮಗೆ ಬೇಕಾದವರು ಇರುವುದು ಅಲ್ಲಿ.

ಋಣಭಾರ ಪತ್ರ, ಎಲ್ಲರೂ ಇ.ಸಿ. ಎನ್ನುವುದು, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಕ್ರಯ, ಸಾಲಗಳ ಪಟ್ಟಿ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 2004ರಿಂದ ಈಚೆಗೆ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಹಾಕಿ ಹುಡುಕಿಸಬೇಕು. ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. 1908ರ ನೋಂದಣಿ ಕಾಯ್ದೆ ಪ್ರಕಾರ ಸ್ಥಿರಾಸ್ತಿ ಪತ್ರಗಳಿರುವ 1ನೇ ಪುಸ್ತಕ ಮತ್ತು ಅದರ ಸೂಚಿಯನ್ನು ಫೀ ಕಟ್ಟಿ ಯಾರು ಬೇಕಾದರೂ ನೋಡಬಹುದು. ಜಮೀನು ಈಗ ನಿಮ್ಮದಾಗಿರಬೇಕು ಎಂದೇನೂ ಇಲ್ಲ. ನಮ್ಮದು ಕೈಬಿಟ್ಟು ಮೂವತ್ತು ವರ್ಷ ದಾಟಿದೆ.

ಈ ಆಫೀಸಿನವರು ದಾಖಲೆ ತಂದುಕೊಡುವುದಿಲ್ಲ. ಅದನ್ನು ಮೊದಲೇ ಸ್ಪಷ್ಟವಾಗಿ ಹೇಳಿದರು. ಅರ್ಜಿ ನೀವೇ ಹಾಕಬೇಕು, ನಕಲು ನೀವೇ ತರಬೇಕು. ಯಾವ ಅರ್ಜಿಯಲ್ಲಿ ಏನು ಬರೆಯಬೇಕು ಎನ್ನುವುದನ್ನು ಅವರ ಮಗಳು ಬರೆಸುತ್ತಾರೆ. ತಂದ ನಕಲನ್ನು ಹಿರಿಯರು ಓದುತ್ತಾರೆ, ಮಗಳು ಈಗಿನ ಕನ್ನಡದಲ್ಲಿ ಟೈಪ್ ಮಾಡಿ ಕೊಡುತ್ತಾರೆ. ಮೊದಲ ಸಲ ಕೂರುವುದಕ್ಕೆ 1,500 ರೂಪಾಯಿ. ಆಮೇಲೆ ಪುಟಕ್ಕೆ 200. ನನಗೆ ಒಟ್ಟು 5,900 ಆಯಿತು. ಕಚೇರಿಗಳಿಗೆ ಕಟ್ಟಿದ ಫೀ ಬೇರೆ, ಅದು ಇದಕ್ಕಿಂತ ತುಂಬ ಕಡಿಮೆ.

ನಕಲು ತರುವುದು ಸುಲಭ ಇರಲಿಲ್ಲ. ಒಂದು ದಾಖಲೆ ಕೊಠಡಿಯಲ್ಲಿ ನನ್ನನ್ನು ನಾಲ್ಕು ಸಲ ವಾಪಸ್ ಕಳಿಸಿದರು. ಒಮ್ಮೆ ಕಟ್ಟು ಸಿಗುತ್ತಿಲ್ಲ ಎಂದರು, ಒಮ್ಮೆ ಸ್ಕ್ಯಾನಿಂಗ್‌ಗೆ ಹೋಗಿದೆ ಎಂದರು. ಐದನೇ ಸಲ ಒಬ್ಬ ಹುಡುಗ ಏಣಿ ಹಾಕಿ ಮೇಲಿನ ಗೂಡಿನಿಂದ ಕಟ್ಟು ಇಳಿಸಿಕೊಟ್ಟ. ಕೆಂಪು ಬಟ್ಟೆಯಲ್ಲಿ ಕಟ್ಟಿತ್ತು, ಅಂಚು ಪುಡಿಪುಡಿ. ಸರ್ಕಾರ ಈಗ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೇ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಆ ಪುಡಿ ಕೈಗೆ ಅಂಟಿದ ಮೇಲೆ ಅದು ಎಷ್ಟು ಅಗತ್ಯ ಎಂದು ಗೊತ್ತಾಯಿತು.

ಈಗ ಓದಿನ ವಿಷಯ. ಇದಕ್ಕಾಗಿಯೇ ನಾನು ಇದನ್ನು ಬರೆಯುತ್ತಿರುವುದು.

ಹಳೇ ಕಂದಾಯ ಕಾಗದ ಓದುವುದು ಬೇರೆಯದೇ ವಿದ್ಯೆ. ಅಕ್ಷರ ಕೂಡಿಸಿ ಬರೆದಿರುತ್ತಾರೆ, ಪದದ ಮಧ್ಯೆ ಜಾಗ ಬಿಟ್ಟಿರುವುದಿಲ್ಲ. ಅಂಕಿ ಎಲ್ಲ ಕನ್ನಡದಲ್ಲಿ. ಕೈಬರಹದಲ್ಲಿ ೬ ಮತ್ತು ೯ ನಡುವೆ ವ್ಯತ್ಯಾಸ ಒಂದು ಬಾಲದ್ದು. ನಾನು 19 ಗುಂಟೆ ಎಂದು ಓದಿದ್ದನ್ನು ಹಿರಿಯರು 16 ಎಂದರು. ಹೇಗೆ ಸರ್ ಎಂದರೆ, ಅದೇ ಗುಮಾಸ್ತ ಬೇರೆ ಪುಟಗಳಲ್ಲಿ ಬರೆದ ೬ ಹುಡುಕಿ ತೋರಿಸಿದರು. ಅವರು ಒಂದು ಅಂಕಿಗೆ ಕಾಲು ಗಂಟೆ ಕೊಡುತ್ತಾರೆ. ಸಂಶಯ ಉಳಿದರೆ ಟೈಪ್ ಮಾಡಿದ ಪ್ರತಿಯಲ್ಲಿ ಅಡಿಗೆರೆ ಹಾಕಿಸುತ್ತಾರೆ. ಅಂದಾಜಿನಲ್ಲಿ ತುಂಬುವುದಿಲ್ಲ.

ಆಮೇಲೆ ಪದಗಳು. 'ಬಿನ್' ಅಂದರೆ ಇಂಥವರ ಮಗ. 'ಕೋಂ' ಅಂದರೆ ಇಂಥವರ ಹೆಂಡತಿ. ಇದು ಈಗಿನ ಕಾಗದಗಳಲ್ಲೂ ಇದೆ, ನಾವು ನೋಡಿ ಸುಮ್ನೆ ಮುಂದೆ ಹೋಗುತ್ತೇವೆ ಅಲ್ವಾ? 'ಪೌತಿ' ಅಂದರೆ ಸತ್ತ ಕಾರಣಕ್ಕೆ ಖಾತೆ ಬದಲಾಗಿದ್ದು. ಸಾವಿನ ದಾಖಲೆ ಸಿಗದ ಕಡೆ ಪೌತಿ ಖಾತೆಯ ವರ್ಷವೇ ಒಂದು ಸುಳಿವು. ಮನೆಯವರು ತಡವಾಗಿ ಅರ್ಜಿ ಹಾಕಿರಬಹುದು, ಹಾಗಾಗಿ ಆ ವರ್ಷ ಅಥವಾ ಅದಕ್ಕೂ ಮೊದಲು ಎಂದು ಇಟ್ಟುಕೊಳ್ಳಬೇಕು. ಖುಷ್ಕಿ (ಮಳೆ ನಂಬಿದ ಹೊಲ), ತರಿ (ನೀರಾವರಿ ಗದ್ದೆ), ಬಾಗಾಯ್ತು (ತೋಟ) ಎಂದು ಜಮೀನಿನ ತರಗತಿ. ಕ್ರಯಪತ್ರ, ಭೋಗ್ಯಪತ್ರದ ಕೊನೆಯಲ್ಲಿ 'ಬಿಕ್ಕಲಂ' ಎಂದು ಬರೆದವರ ಹೆಸರು. ನಡುವೆ 'ಚಕ್ಕುಬಂದಿ', ನಾಲ್ಕು ದಿಕ್ಕಿನ ಎಲ್ಲೆ.

ಆರ್.ಆರ್. ನಕಲು ತಂದು ಮೇಜಿನ ಮೇಲೆ ಇಟ್ಟ ದಿನ ನೆನಪಿದೆ. ಮಳೆ ಬರುತ್ತಿತ್ತು, ಕರೆಂಟ್ ಇರಲಿಲ್ಲ. ಮಗಳು ಮೊಬೈಲ್ ಬೆಳಕು ಹಿಡಿದರು. ಹಿರಿಯರು ಬೆರಳಿಟ್ಟು ಓದುತ್ತಾ ಬಂದರು. ಮುತ್ತಾತನ ಹೆಸರು, ಅದರ ಮೇಲೆ ಅಡ್ಡಗೆರೆ. ಕೆಳಗೆ ತಾತನ ಹೆಸರು, ಪಕ್ಕದಲ್ಲಿ 'ಮೈನರ್'. ಆಮೇಲೆ 'ಗಾರ್ಡಿಯನ್ ತಾಯಿ'. ಆಮೇಲೆ ಒಂದು ಹೆಸರು. ಆಮೇಲೆ 'ಕೋಂ'.

ಅದು ನಮ್ಮೂರ ದೇವತೆಯ ಹೆಸರು. ಪ್ರತಿ ವರ್ಷ ನಾವು ಆರತಿ ಎತ್ತುವ ಗುಡಿಯ ಅಮ್ಮನ ಹೆಸರೇ.

ನಾನು ಅತ್ತುಬಿಟ್ಟೆ. ಹಿರಿಯರು ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಇನ್ನೂ ಇದೆಯಮ್ಮ, ಓದಲಾ?" ಎಂದು ಕೇಳಿದರು.

ಇನ್ನೂ ಇತ್ತು. ಟ್ರಂಕಿನಲ್ಲಿದ್ದ ಆ ಹರಿದ ಕಾಗದ ಒಂದು ಭೋಗ್ಯಪತ್ರದ, ಅಂದರೆ ಸಾಲಕ್ಕೆ ಜಮೀನು ಒತ್ತೆ ಇಟ್ಟ ಪತ್ರದ, ಪ್ರತಿ. ಇಸವಿ ಇದ್ದ ಮೂಲೆಯೇ ಹೋಗಿತ್ತು. ಉಳಿದಿದ್ದು 'ಭಾವ ಸಂವತ್ಸರದ ಮಾರ್ಗಶಿರ' ಎಂಬ ಮಾತು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಭಾವ ಬಂದಿದ್ದು 1874, 1934, 1994ರಲ್ಲಿ. ತಾತ ಮೈನರ್ ಆಗಿದ್ದ ಕಾಲ ಎಂದರೆ 1934, ಡಿಸೆಂಬರ್ ಆಸುಪಾಸು. ಆ ಇಸವಿ ಹಿಡಿದು ನೋಂದಣಿ ಪುಸ್ತಕದ ಸೂಚಿ ಹುಡುಕಿಸಿದೆ. ಪೂರ್ತಿ ಪ್ರತಿ ಸಿಕ್ಕಿತು.

ನಮ್ಮ ಮನೆಯ ಕಥೆ ಹೀಗಿತ್ತು: ಸಾಹುಕಾರನೊಬ್ಬ ಮೋಸ ಮಾಡಿ ಹೊಲ ಬರೆಸಿಕೊಂಡ, ತಾತ ದೊಡ್ಡವರಾದ ಮೇಲೆ ಹೋರಾಡಿ ಬಿಡಿಸಿಕೊಂಡರು. ಕಾಗದ ಹೇಳುವುದು ಬೇರೆ. ಗಂಡ ತೀರಿಕೊಂಡು ಮೂರು ವರ್ಷಕ್ಕೆ ಅಜ್ಜಿ ತಾನೇ ನಿಂತು, ತನ್ನ ಪರವಾಗಿಯೂ ಮೈನರ್ ಮಗನ ಪರವಾಗಿಯೂ, 1 ಎಕರೆ 16 ಗುಂಟೆ ಖುಷ್ಕಿ ಜಮೀನನ್ನು 200 ರೂಪಾಯಿಗೆ ಭೋಗ್ಯಕ್ಕೆ ಹಾಕಿದ್ದಾಳೆ. ಕಾರಣವೂ ಬರೆದಿದೆ, ಕಂದಾಯದ ಬಾಕಿ ಮತ್ತು ಸಂಸಾರದ ಖರ್ಚು. 1930ರ ದಶಕದ ಶುರುವಿನಲ್ಲಿ ಪ್ರಪಂಚದ ತುಂಬ ದವಸದ ಬೆಲೆ ಬಿದ್ದುಹೋಗಿತ್ತು. ಬೆಳೆದ ರಾಗಿಗೆ ದುಡ್ಡು ಹುಟ್ಟುತ್ತಿರಲಿಲ್ಲ, ಕಂದಾಯ ಮಾತ್ರ ಕಟ್ಟಲೇಬೇಕು ಎಂದು ಹಿರಿಯರು ವಿವರಿಸಿದರು.

ಇನ್ನೊಂದು ಮಾತೂ ಹೇಳಿದರು. ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಂಗಸರ ಹಕ್ಕುಗಳ ಕಾಯ್ದೆ ಬಂದಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ಹೆಂಗಸರ ಆಸ್ತಿ ಹಕ್ಕಿನ ಕಾಯ್ದೆ ಬಂದಿದ್ದು 1937ರಲ್ಲಿ. ನಮ್ಮ ಅಜ್ಜಿ 'ತನ್ನ ಪರವಾಗಿಯೂ' ಎಂದು ಬರೆಸಿದ್ದಕ್ಕೆ ಅದೇ ಕಾರಣ ಎಂದು ಕಾಗದದಲ್ಲಿಲ್ಲ. ಹಿರಿಯರೂ ಹಾಗೆ ಹೇಳಲಿಲ್ಲ. ಕಾಲ ಹೀಗಿತ್ತು, ನೋಡಿಕೊಳ್ಳಿ ಎಂದಷ್ಟೇ ಹೇಳಿದರು. ಅವರ ಈ ಗುಣ ನನಗೆ ಬಹಳ ಹಿಡಿಸಿತು. ಕೇಳುವವರು ಖುಷಿಯಾಗಲಿ ಎಂದು ಕಥೆ ಬೆಳೆಸುವುದಿಲ್ಲ.

1941ರಲ್ಲಿ ಭೋಗ್ಯ ಖುಲಾಸೆಯಾಗಿದೆ. ಆಗ ತಾತನಿಗೆ ಇಪ್ಪತ್ತು. ಊರಿನ ಸರ್ಕಾರಿ ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಾತನ ಹುಟ್ಟಿದ ವರ್ಷ 1921 ಎಂದಿದೆ. ಹಿರಿಯರು ಹೇಳಿದ್ದರಿಂದಲೇ ಶಾಲೆಗೂ ಹೋಗಿ ನೋಡಿದ್ದು. ಅಲ್ಲಿ ಪೋಷಕರ ಕಾಲಂನಲ್ಲೂ ಇದ್ದದ್ದು ಅಜ್ಜಿಯ ಹೆಸರೇ. ಈ ಏಳು ವರ್ಷದಲ್ಲಿ 200 ರೂಪಾಯಿ ಅವಳು ಹೇಗೆ ಕೂಡಿಸಿದಳೋ! ಸೊಪ್ಪು, ಹೂವು ತಲೆಮೇಲೆ ಹೊತ್ತು ಬೆಂಗಳೂರಿಗೆ ನಡೆದು ಬರುತ್ತಿದ್ದಳು ಎಂದು ಅತ್ತೆ ಕೇಳಿದ್ದಾರೆ.

ನನಗೆ ಎಲ್ಲಕ್ಕಿಂತ ದೊಡ್ಡದು 1943ರ ಕ್ರಯಪತ್ರ. ಬಾವಿ ಪಕ್ಕದ 18 ಗುಂಟೆ ಬಾಗಾಯ್ತು ಜಮೀನು. ನಮ್ಮ ಮನೆಯಲ್ಲಿ ಎಲ್ಲರೂ ಅದನ್ನು 'ತಾತ ಕೊಂಡ ತೋಟ' ಎನ್ನುತ್ತಾರೆ. ಕೊಂಡವರ ಜಾಗದಲ್ಲಿ ಇರುವುದು ಅಜ್ಜಿಯ ಹೆಸರು. ತಾತನದು ಸಾಕ್ಷಿ ರುಜು. ಬಾವಿಮನೆ ಅಜ್ಜಿ ಎಂದು ಯಾಕೆ ಕರೆಯುತ್ತಿದ್ದರು ಎಂದು ಆಗ ತಿಳಿಯಿತು. 1951ರಲ್ಲಿ ಆ ಖಾತೆ ಪೌತಿಯಾಗಿ ತಾತನ ಹೆಸರಿಗೆ ಬಂದಿದೆ. ಆಮೇಲೆ ಅವಳು ಯಾವ ಕಾಗದದಲ್ಲೂ ಇಲ್ಲ.

ಇಷ್ಟು ಚೆನ್ನಾಗಿ ಕೆಲಸ ಮಾಡುವ ಕಡೆಯೂ ಕೊರತೆ ಇದೆ, ಹೇಳಲೇಬೇಕು. ಮೂರು ವಾರ ಎಂದಿದ್ದು ಏಳು ವಾರವಾಯಿತು. ನಡುವೆ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ, ನಾನೇ ಹೋಗಿ ವಿಚಾರಿಸಬೇಕಾಯಿತು. ಟೈಪ್ ಮಾಡಿದ ಪ್ರತಿಯಲ್ಲಿ ಒಂದು ಕಡೆ 'ಕೋಂ' ಬದಲು 'ಬಿನ್' ಎಂದು ಬಿದ್ದಿತ್ತು. ಅಜ್ಜಿಯನ್ನು ಗಂಡನ ಮಗ ಮಾಡಿಬಿಟ್ಟಿದ್ದರು. ತೋರಿಸಿದ ತಕ್ಷಣ ತಿದ್ದಿಕೊಟ್ಟರು, ಆದರೂ ಇಂಥ ಕೆಲಸದಲ್ಲಿ ಆ ತಪ್ಪು ಸಣ್ಣದಲ್ಲ. ಟೈಪ್ ಪ್ರತಿಯನ್ನು ಮೂಲದ ಪಕ್ಕ ಇಟ್ಟು ನೀವೇ ಒಂದು ಸಲ ಓದಿ. ರಸೀದಿ ಕೇಳಿದರೆ ಮಾತ್ರ ಕೊಡುತ್ತಾರೆ. ಮಹಡಿಗೆ ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು. ಅತ್ತೆಯನ್ನು ಕರೆದುಕೊಂಡು ಹೋಗಲು ಆಗಲೇ ಇಲ್ಲ. ಅದೊಂದು ನನಗೆ ಈಗಲೂ ಬೇಸರ.

ಎಲ್ಲರಿಗೂ ಇದು ಆಗುತ್ತದೆ ಎನ್ನಲಾರೆ. ಜಮೀನೇ ಇಲ್ಲದ ಮನೆತನಕ್ಕೆ ಈ ದಾರಿ ಇಲ್ಲ, ಅವರ ಹಿರಿಯರು ಕಂದಾಯ ಕಾಗದದಲ್ಲಿ ಕಾಣುವುದು ಬಹಳ ಅಪರೂಪ. ನಿಮ್ಮ ಊರು ಜೋಡಿ ಅಥವಾ ಇನಾಂ ಗ್ರಾಮವಾಗಿದ್ದರೆ, ಅಂದರೆ ರಾಜರು ಯಾರಿಗಾದರೂ ಬಿಟ್ಟುಕೊಟ್ಟ ಊರಾಗಿದ್ದರೆ, 1954ರ ಇನಾಂ ರದ್ದು ಕಾಯ್ದೆಗೆ ಮೊದಲಿನ ಗೇಣಿದಾರರ ಲೆಕ್ಕ ಇನಾಂದಾರರ ಮನೆಯಲ್ಲೇ ಉಳಿದಿರಬಹುದು. ಹಿರಿಯರು ಸಂಸ್ಥಾನದ ನೌಕರಿಯಲ್ಲಿದ್ದರೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಮೊದಲು ವಿಚಾರಿಸಿ.

ಇಂಥ ಓದುವವರನ್ನು ಎಲ್ಲಿ ಹುಡುಕುವುದು? ತಾಲ್ಲೂಕು ಕಚೇರಿ, ಉಪನೋಂದಣಿ ಕಚೇರಿ ಹತ್ತಿರದ ಹಳೇ ಪತ್ರ ಬರಹಗಾರರನ್ನು ಕೇಳಿ. ನಿಮ್ಮ ಊರಿನ ಹಳೇ ಶಾನುಭೋಗರ ಮನೆಯವರನ್ನು ಕೇಳಿ. ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ್ದು 1961ರ ಕಾಯ್ದೆ, ಆದರೆ ಆ ಮನೆಗಳಲ್ಲಿ ಈ ಬರಹ ಓದಬಲ್ಲ ಒಬ್ಬರಾದರೂ ಇದ್ದಾರು. ಪರೀಕ್ಷೆ ಮಾಡಲು ಒಂದೇ ಒಂದು ಪುಟ ಕೊಟ್ಟು ನೋಡಿ. ಗೊತ್ತಿಲ್ಲದ ಪದಕ್ಕೆ ಗೊತ್ತಿಲ್ಲ ಎನ್ನುವವರಾದರೆ ಉಳಿದ ಪುಟ ಕೊಡಿ.

ನನಗೆ ಇನ್ನೊಂದು ಕೆಲಸ ಬಾಕಿ ಇದೆ. ನೋಂದಣಿ ಪುಸ್ತಕದ ಪ್ರತಿಯಲ್ಲಿ ಅಜ್ಜಿಯ ಹೆಬ್ಬೆಟ್ಟು ಇಲ್ಲ, 'ಎಡಗೈ ಹೆಬ್ಬೆಟ್ಟಿನ ಗುರುತು' ಎಂಬ ಮಾತು ಮಾತ್ರ ಇದೆ. ಆಗ ಪತ್ರವನ್ನು ಕೈಯಲ್ಲಿ ನಕಲು ಮಾಡಿ ಇಡುತ್ತಿದ್ದರು. ಹೆಬ್ಬೆಟ್ಟಿನ ಪುಸ್ತಕ ಕಚೇರಿಯಲ್ಲಿ ಬೇರೆ ಇರುತ್ತಿತ್ತಂತೆ. 1943ರ ಮೂಲ ಪತ್ರ ನಮ್ಮ ದೊಡ್ಡಪ್ಪನ ಮನೆಯ ಅಟ್ಟದಲ್ಲಿ ಇರಬಹುದು ಎಂದು ಹಿರಿಯರ ಲೆಕ್ಕಾಚಾರ. ದೊಡ್ಡಪ್ಪನ ಮಗನಿಗೆ ಫೋನ್ ಮಾಡಿದ್ದೇನೆ. ದಸರಾ ರಜೆಗೆ ಬಾ, ಇಬ್ಬರೂ ಸೇರಿ ಹುಡುಕೋಣ ಎಂದಿದ್ದಾನೆ.

ಟೈಪ್ ಮಾಡಿದ ಪುಟಗಳನ್ನು ಅತ್ತೆಗೆ ಓದಿ ಹೇಳಿದೆ. ಹೆಸರು ಕೇಳಿದಾಗ, "ಹೌದಾ, ಅಮ್ಮನ ಹೆಸರೇ ಇಟ್ಟಿದ್ರಾ" ಎಂದು ಕೈ ಮುಗಿದರು. ಆಮೇಲೆ ತೋಟದ ಕಾಗದ ಓದು ಎಂದರು. ಚಕ್ಕುಬಂದಿ ಬಂದಾಗ ಕಣ್ಣು ಮುಚ್ಚಿಕೊಂಡರು. ಪೂರ್ವಕ್ಕೆ ಕೆರೆ ಕಾಲುವೆ ಎಂದೆ. "ಮುಚ್ಚಿ ರಸ್ತೆ ಮಾಡಿದಾರೆ." ಪಶ್ಚಿಮಕ್ಕೆ ಹುಣಸೆಮರದ ಬದು ಎಂದೆ. "ಅಲ್ಲೇ ಈಗ ಪೆಟ್ರೋಲ್ ಬಂಕು. ಆ ಮರದ ಕೆಳಗೆ ನನಗೆ ರಾಗಿ ರೊಟ್ಟಿ ಕೊಡ್ತಿತ್ತು ಅಜ್ಜಿ." ದಕ್ಷಿಣಕ್ಕೆ ಬಂಡಿ ದಾರಿ ಎಂದೆ. ಅತ್ತೆ ತಲೆಯಾಡಿಸಿದರು. ಉತ್ತರಕ್ಕೆ ನೀರಗಂಟಿ ಇನಾಂತಿ ಜಮೀನು ಎಂದೆ. ಅತ್ತೆ ಎಡಗೈ ಎತ್ತಿ ಗಾಳಿಯಲ್ಲಿ ಆ ಕಡೆ ತೋರಿಸಿದರು. ಎಲ್ಲೋ ತಪ್ಪಿತು ಅನ್ನಿಸಿತೇನೋ, ಕೈ ಸ್ವಲ್ಪ ಸರಿಸಿದರು.

"ಬಾವಿ ಎಲ್ಲಿ ಅಂತ ಬರೆದಿದೆ? ಇನ್ನೊಂದ್ ಸಲ ಮೊದಲಿಂದ ಓದು."